ಭೂಮಿ ನಡುಗಿತು, ಪ್ರಕಟಣೆ ಹೊರಟಿತು

ವಿಜಯಪುರ ಜಿಲ್ಲೆಯಲ್ಲಿ ಭೂಮಿ ನಡುಗುವುದಕ್ಕೆ ಈಗ ಒಂದು ಕ್ರಮ ಬಂದುಬಿಟ್ಟಿದೆ. ಮೊದಲು ನೆಲದಡಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಯ್ದುಹೋದಂತಹ ಗುಡುಗುಡು ಸದ್ದು. ಅದರ ಬೆನ್ನಿಗೇ ಅಡುಗೆಮನೆಯ ಹಲಗೆಯ ಮೇಲಿನ ಭಾಂಡೆಗಳ ಸಪ್ಪಳ. ಆಮೇಲೆ ಓಣಿಯ ಜನರೆಲ್ಲ ಬಾಗಿಲ ಹೊರಗೆ, ಅವರಿಗಿಂತ ಒಂದು ಹೆಜ್ಜೆ ಮುಂದಾಗಿ ಅವರ ಮೊಬೈಲಿನ ಸ್ಟೇಟಸ್ಸು ಊರ ಹೊರಗೆ. ಇಷ್ಟೆಲ್ಲ ಮುಗಿದು ಚಹಾ ಕುದಿಯುವ ಹೊತ್ತಿಗೆ ಜಿಲ್ಲೆಯ ಅತ್ಯಂತ ನಂಬಿಗಸ್ತ ವಿದ್ಯಮಾನವು ಘಟಿಸುತ್ತದೆ: "ಸಾರ್ವಜನಿಕರು ಆತಂಕ ಪಡುವ ಅಗತ್ಯವಿಲ್ಲ" ಎಂಬ ಪ್ರಕಟಣೆ. ಭೂಕಂಪವನ್ನು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಗೂ ಇನ್ನೂ ಒಲಿದಿಲ್ಲ. ಪ್ರಕಟಣೆಯನ್ನು ಮುಂಚಿತವಾಗಿ ಹೇಳುವ ವಿದ್ಯೆ ಮಾತ್ರ ತಿಕೋಟಾದ ಶಾಲೆಯ ಹುಡುಗರಿಗೂ ಕರಗತವಾಗಿದೆ.

ಈ ಸೀಮೆಗೆ ಬಿಸಿಲು ಗೊತ್ತು, ಬರ ಗೊತ್ತು, ಡೋಣಿ ನದಿಯ ಮಹಾಪೂರ ಗೊತ್ತು. ನೆಲವೇ ಹೀಗೆ ಪದೇ ಪದೇ ಅಲುಗುವುದು ಗೊತ್ತಿರಲಿಲ್ಲ. 2021ರ ಮಳೆಗಾಲದಿಂದೀಚೆಗೆ ಬಸವನಬಾಗೇವಾಡಿ, ತಿಕೋಟಾ ಕಡೆಯ ಹಳ್ಳಿಗಳಲ್ಲಿಯೂ ವಿಜಯಪುರ ನಗರದಲ್ಲಿಯೂ ಮತ್ತೆ ಮತ್ತೆ ಸಣ್ಣ ಕಂಪನಗಳಾಗಿ, 2022ರ ಜುಲೈ 9ರ ಬೆಳಗಿನ ಕಂಪನವು ಭೂಕಂಪದ ಅಳತೆಯಲ್ಲಿ ನಾಲ್ಕರ ಗೆರೆಯನ್ನೂ ದಾಟಿ ಗಡಿಯಾಚೆಗೆ ಮಹಾರಾಷ್ಟ್ರದವರನ್ನೂ ಹಾಸಿಗೆಯಿಂದ ಎಬ್ಬಿಸಿದ ಮೇಲೆ, ಜನರಿಗೆ ಹೆದರಿಕೆಯ ಜೊತೆಗೆ ಒಂದಿಷ್ಟು ಪರಿಣತಿಯೂ ಬಂದಿದೆ. ಈಗ ಗಾಂಧಿ ಚೌಕದ ಚಹಾದಂಗಡಿಯಲ್ಲಿ ನಿಂತು ಕೇಳಿದರೆ ಜೋಳದ ಧಾರಣೆ ಮಾತಾಡುವ ಧಾಟಿಯಲ್ಲಿಯೇ ಭೂಕಂಪದ ಅಳತೆಯನ್ನೂ ಮಾತಾಡುತ್ತಾರೆ. "ಇಂದಿಂದು ಎಷ್ಟ್ ಇತ್ರಿ?" "ಎರಡೂವರಿ ಅಂತ್ರಿ." "ಏ, ಎರಡೂವರಿ ಹೆಂಗ ಆಗ್ತೈತ್ರೀ, ನಮ್ಮನ್ಯಾಗ ಗಡಿಯಾರ ಬಿದ್ದೈತಿ, ಏನಿಲ್ಲಂದ್ರೂ ಮೂರ ಮ್ಯಾಲ ಇರ್ಬೇಕು!" ತಮ್ಮ ಮನೆಯ ನಡುಕಕ್ಕೆ ಬೆಂಗಳೂರಿನವರು ಕಡಿಮೆ ದರ ಕಟ್ಟಿದ್ದಾರೆ ಎಂಬ ಅಸಮಾಧಾನ ಆ ದನಿಯಲ್ಲಿರುತ್ತದೆ.

ಈ ಅಸಮಾಧಾನ ಪೂರ್ತಿ ನಿರಾಧಾರವಲ್ಲ. ಕಂಪನ ಹುಟ್ಟಿದ ಜಾಗ ನೆಲದಿಂದ ಕೆಲವೇ ಕಿಲೋಮೀಟರು ಕೆಳಗಿದ್ದರೆ, ಅಂಕಿ ಚಿಕ್ಕದಾಗಿದ್ದರೂ ಅದರ ನೆತ್ತಿಯ ಮೇಲಿರುವ ಊರಿಗೆ ಧಡಕಿ ಜೋರಾಗಿಯೇ ಬಡಿಯುತ್ತದೆ, ಸದ್ದೂ ಕೇಳುತ್ತದೆ. ನಮ್ಮ ಕಾಲ ಕೆಳಗಿನ ಹಳೆಯ ಗಟ್ಟಿ ಶಿಲೆಯಂತೂ ಅಲೆಗಳನ್ನು ಬೇಗ ಅಡಗಿಸದೆ ದೂರದವರೆಗೆ ಸಾಗಿಸುತ್ತದೆ. ಆದರೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಒಂದು ಅಂಕಿ, ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಇನ್ನೊಂದು ಅಂಕಿ ಕೊಟ್ಟಾಗ, ಬೇರೆ ಬೇರೆ ಠಾಣೆಗಳ ದಾಖಲೆಯಿಂದ ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದರೆ ಇಷ್ಟು ಹೆಚ್ಚುಕಡಿಮೆ ಸಹಜವೆಂದು ಹೇಳುವವರು ಯಾರೂ ಇರುವುದಿಲ್ಲ. ಇನ್ನು ಯಾವ ಯಂತ್ರಕ್ಕೂ ಸಿಗದಷ್ಟು ಸಣ್ಣ ಕಂಪನವಾದರೆ ಮುಗಿದೇ ಹೋಯಿತು. ಇಡೀ ಹಳ್ಳಿ ರಾತ್ರಿಯೆಲ್ಲ ಹೊರಗೆ ಕುಳಿತಿದ್ದರೂ ಬೆಳಿಗ್ಗೆ ಬಂದ ಸಾಹೇಬರು, "ಮಾಪಕದಲ್ಲಿ ದಾಖಲಾಗಿಲ್ಲ, ಆದ್ದರಿಂದ ಭೂಕಂಪ ಆಗಿಲ್ಲ" ಎಂದು ತೀರ್ಪು ಕೊಟ್ಟು, ಅಲ್ಲಾಡಿದ ಜನರನ್ನು ಸುಳ್ಳರ ಪಟ್ಟಿಗೆ ಸೇರಿಸಿ ಜೀಪು ಹತ್ತುತ್ತಾರೆ. ನೋಂದಣಿ ಆಗದ ಜಮೀನಿಗೆ ಉತಾರ ಇಲ್ಲ, ನೋಂದಣಿ ಆಗದ ನಡುಕಕ್ಕೆ ನಡುಕವೇ ಇಲ್ಲ.

ನೋಂದಣಿಯಾದರೂ ಅದು ಯಾರ ಹೆಸರಿನಲ್ಲಿ ಆಗುತ್ತದೆ ಎಂಬ ತಕರಾರು ಬೇರೆ ಇದೆ. 2021ರ ಸೆಪ್ಟೆಂಬರ್ 4ರ ಸರಿರಾತ್ರಿಯ ಹೊತ್ತಿಗೆ ವಿಜಯಪುರದ ಮಂದಿ ಮಕ್ಕಳುಮರಿಗಳನ್ನು ಎತ್ತಿಕೊಂಡು ಬೀದಿಗೆ ಬಂದು ನಿಂತಿದ್ದಾಗ, ದೆಹಲಿಯಿಂದ ಬಂದ ಮಾಹಿತಿ ಆ 3.9ರ ಕಂಪನವನ್ನು ಕೊಲ್ಹಾಪುರದ ಖಾತೆಗೆ ಜಮಾ ಮಾಡಿತ್ತು. ಮಹಾಜನ ವರದಿ ಬಂದ 1967ರಿಂದ ಇಲ್ಲಿಯವರೆಗೆ ಗಡಿಯ ಒಂದೊಂದು ಹಳ್ಳಿಗೂ ಗುದ್ದಾಡುತ್ತ ಬಂದಿರುವ, ಬೆಳಗಾವಿಯಲ್ಲಿ ಒಂದು ಸುವರ್ಣ ಸೌಧವನ್ನೇ ಕಟ್ಟಿ ನಿಲ್ಲಿಸಿರುವ ನಾವು, ಒಂದು ಸ್ವಂತ ಭೂಕಂಪವನ್ನು ಹೀಗೆ ಬಿಟ್ಟುಕೊಟ್ಟು ಸುಮ್ಮನಿದ್ದೆವೆಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಆ ಲೋಪವನ್ನು ಆಮೇಲೆ ಹಳ್ಳಿಗಳೇ ಸರಿಪಡಿಸಿಕೊಂಡವು. ಈಗ ಯಾವ ಊರು ಕೇಂದ್ರಬಿಂದು ಎಂಬುದಕ್ಕೆ ಪೈಪೋಟಿಯಿದೆ. ಬಸ್ಸು ಬಾರದ, ನೀರು ಬಾರದ, ಮಾಸ್ತರರೂ ಸರಿಯಾಗಿ ಬಾರದ ಊರಿಗೆ ಒಂದು ಬೆಳಗ್ಗೆ ಅಕ್ಷಾಂಶ ರೇಖಾಂಶಗಳ ಸಮೇತ ಕೇಂದ್ರಬಿಂದು ಬಂದರೆ ಯಾರು ಬೇಡವೆಂದಾರು? ಅದರ ಹಿಂದೆಯೇ ತಹಶೀಲ್ದಾರರು, ಅವರ ಹಿಂದೆ ಶಾಸಕರು, ಅವರ ಹಿಂದೆ ಟಿವಿಯವರು ಬರುತ್ತಾರೆ. ಹತ್ತು ಅರ್ಜಿ ಬರೆದರೂ ದುರಸ್ತಿಯಾಗದ ರಸ್ತೆಯ ಹೊಂಡಗಳನ್ನು ಇವರೆಲ್ಲ ಒಂದೇ ದಿನ ತಮ್ಮ ಸೊಂಟದಿಂದ ಅಳೆದುಹೋಗುವುದು ಹಳ್ಳಿಗೆ ಸಿಕ್ಕುವ ಪರಿಹಾರ.

ಟಿವಿಯವರ ವಿಷಯ ಸ್ವಲ್ಪ ನಿಂತು ಹೇಳಬೇಕಾದದ್ದು. ಅವರ ಪರದೆಯ ಮೇಲೆ ಭೂಗೋಳ ಎರಡು ಹೋಳಾಗಿ, ನಡುವಿನಿಂದ ಬೆಂಕಿ ಉಕ್ಕಿ, ಅದರ ಮೇಲೆ "ಬಾಯ್ಬಿಡುತ್ತಾ ಗುಮ್ಮಟನಗರಿ?" ಎಂಬ ಪ್ರಶ್ನಾರ್ಥಕ ಚಿಹ್ನೆ ಕುಣಿಯುತ್ತಿರುತ್ತದೆ. ಆ ಚಿಹ್ನೆ ಇರುವುದರಿಂದ ಯಾರೂ ಅವರನ್ನು ಸುಳ್ಳು ಹೇಳಿದರೆಂದು ಹಿಡಿಯುವಂತಿಲ್ಲ. ಸ್ಟುಡಿಯೋದಲ್ಲಿ ಗ್ರಹಗತಿ ಬಲ್ಲ ಜ್ಯೋತಿಷಿಗಳೊಬ್ಬರು, ಆದಿಶೇಷ ಹೆಡೆ ಬದಲಿಸುತ್ತಿರುವ ವಿಚಾರವನ್ನು ಒಳಗಿನ ಸುದ್ದಿಯೆಂಬಂತೆ ಬಿಡುಗಡೆ ಮಾಡುತ್ತಿರುವಾಗ, ಇತ್ತ ಹಳ್ಳಿಯಲ್ಲಿ ಮೈಕು ಹಿಡಿದ ತರುಣ ಒಬ್ಬ ಮುದುಕಿಯನ್ನು ಗೋಡೆಯ ಮುಂದೆ ನಿಲ್ಲಿಸಿರುತ್ತಾನೆ.

"ಅಜ್ಜಿ, ಭೂಮಿ ನಡುಗಿದಾಗ ನಿಮಗೆ ಏನನ್ನಿಸಿತು?"

"ಏನ್ ಅನಸ್ತೈತೋ ತಮ್ಮಾ, ರೊಟ್ಟಿ ಬಡಿಲಿಕತ್ತಿದ್ದೆ, ಹಂಚ ಅಳ್ಳಾಡ್ತು. ಒಲಿಗಿ ನೀರ ಹಾಕಿ, ಕೂಸಿನ್ನ ಎತ್ಕೊಂಡು ಹೊರಗ ಬಂದೆ."

"ಈ ಬಿರುಕು ಈಗ ಬಿದ್ದದ್ದೇ ಅಲ್ಲವಾ?"

"ಇದು ಹ್ವಾದ ವರ್ಷದ ಮಳ್ಯಾಗ ಬಿದ್ದದ್ದಪ್ಪ. ಆಗಿಂದ ಮಾಳಗಿ ಸೋರತೈತಿ. ಅದನ್ನ ಬರಕೋರಿ."

ಬೆಂಕಿ ಆರಿಸಿದ್ದು, ಕೂಸನ್ನು ಎತ್ತಿಕೊಂಡದ್ದು, ಸೋರುವ ಮಾಳಿಗೆಯ ಕೆಳಗೆ ನಿಲ್ಲದೆ ಹೊರಗೆ ಬಂದದ್ದು, ಈ ಜಿಲ್ಲೆಯಲ್ಲಿ ಅಂದು ನಡೆದ ಏಕೈಕ ವಿಪತ್ತು ನಿರ್ವಹಣೆ ಅದು. ಸಂಜೆಯ ಸುದ್ದಿಯಲ್ಲಿ ಅದು ಕತ್ತರಿಸಿಹೋಗಿ, ಹೋದ ವರ್ಷದ ಬಿರುಕು ಮಾತ್ರ ಕೆಂಪು ವರ್ತುಲದೊಳಗೆ ಮಿನುಗುತ್ತಿರುತ್ತದೆ.

ಕಾರಣಗಳ ಬಗ್ಗೆಯೂ ನಾವು ಉದಾರಿಗಳು. ಒಬ್ಬರು ಬೋರ್‌ವೆಲ್ ಎನ್ನುತ್ತಾರೆ, ಸಾವಿರ ಅಡಿಯ ಕೊಳವೆ ಕಿಲೋಮೀಟರುಗಟ್ಟಲೆ ಆಳದ ಬಂಡೆಯನ್ನು ಹೇಗೆ ಅಲುಗಿಸೀತು ಎಂದು ಕೇಳಿದರೆ ಸಿಟ್ಟಾಗುತ್ತಾರೆ. ಇನ್ನೊಬ್ಬರು ಕಲ್ಲಿನ ಕ್ವಾರಿ ಎನ್ನುತ್ತಾರೆ, ಆದರೆ ಆ ಕ್ವಾರಿ ಯಾರದೆಂಬುದು ನೆನಪಾದ ಕೂಡಲೇ ಮಾತು ಬದಲಿಸುತ್ತಾರೆ. ಆಲಮಟ್ಟಿ ಜಲಾಶಯದ ಹೆಸರು ಹೇಳುವವರನ್ನು ಕಂಡು ಮಾತ್ರ ನಾನು ನಗುವುದಿಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಆರನ್ನು ದಾಟಿದ ಭೂಕಂಪವೊಂದು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಪರಿಸರವನ್ನು ಕೆಡವಿದ ಮೇಲೆ, ಜಲಾಶಯದ ನೀರು ನೆಲದ ಬಿರುಕುಗಳಿಗೆ ಇಳಿದು ಕಂಪನವನ್ನು ಕೆರಳಿಸಬಲ್ಲದು ಎಂಬುದಕ್ಕೆ ಕೊಯ್ನೆಯೇ ಜಗತ್ತಿನ ಪಠ್ಯಪುಸ್ತಕದ ಉದಾಹರಣೆಯಾಗಿದೆ. ಧಾರಾಳ ಮಳೆಯ ನಂತರ ಇಂಗಿದ ನೀರೂ ಆಳದ ಬಿರುಕುಗಳಲ್ಲಿ ಒತ್ತಡ ಹೆಚ್ಚಿಸಿ ಸಣ್ಣ ಕಂಪನಗಳ ಸರಣಿ ಎಬ್ಬಿಸುವುದುಂಟು. ಹಾಗಾದರೆ ಆಲಮಟ್ಟಿಯ ಬಗ್ಗೆ ಕೇಳಬೇಕಾದದ್ದು ಕಂಪನಗಳ ಜಾಗ, ಆಳ, ಜಲಾಶಯದ ಮಟ್ಟದೊಂದಿಗೆ ಅವುಗಳ ನಂಟು. ಅಷ್ಟಕ್ಕೆ ಬೇಕಾದದ್ದು ಸುತ್ತಲೂ ನೆಟ್ಟ ಒಂದಿಷ್ಟು ಉಪಕರಣ ಮತ್ತು ತಾಳ್ಮೆ. ನಮ್ಮಲ್ಲಾದರೋ ಜಲಾಶಯದ ಮಟ್ಟ 519.6 ಮೀಟರ್ ಇರಬೇಕೇ 524.256 ಮೀಟರ್ ಆಗಬೇಕೇ ಎಂಬ ಜಗಳ ಎಷ್ಟು ಎತ್ತರಕ್ಕೆ ಹೋಗಿದೆಯೆಂದರೆ, ಅಲ್ಲಿಂದ ನೆಲದಡಿಯ ವಿಷಯ ಯಾರಿಗೂ ಕಾಣಿಸುವುದಿಲ್ಲ.

ಪ್ರಕಟಣೆಗಳ ಸಾಲಿನಲ್ಲಿ ನನಗೆ ಅತಿ ಪ್ರಿಯವಾದದ್ದು ಇನ್ನೊಂದಿದೆ: "ಇಂತಹ ಸಣ್ಣ ಕಂಪನಗಳು ಒಳ್ಳೆಯವೇ, ಭೂಮಿಯೊಳಗಿನ ಒತ್ತಡ ಸ್ವಲ್ಪ ಸ್ವಲ್ಪವಾಗಿ ಹೊರಹೋಗುತ್ತದೆ." ಕೇಳಲು ಎಷ್ಟು ಹಿತವಾದ ಮಾತು! ಭೂಕಂಪದ ಅಳತೆಯಲ್ಲಿ ಒಂದು ಅಂಕಿ ಮೇಲೇರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಎರಡು ಅಂಕಿ ಏರಿದರೆ ಸಾವಿರ ಪಟ್ಟು, ಮೂರು ಅಂಕಿ ಏರಿದರೆ 32 ಸಾವಿರ ಪಟ್ಟಿನ ಸಮೀಪ. ಅಂದರೆ 6.2ರ ಒಂದು ಭೂಕಂಪದ ಶಕ್ತಿಯನ್ನು ನಮ್ಮ ಪರಿಚಯದ 3.2ರ ಕಂಪನಗಳ ಮೂಲಕ ಕಂತಿನಲ್ಲಿ ತೀರಿಸಬೇಕಾದರೆ ಸುಮಾರು 32 ಸಾವಿರ ಕಂತು ಬೇಕು. ದಿನಕ್ಕೊಂದರಂತೆ ನಿಷ್ಠೆಯಿಂದ ನಡುಗಿದರೂ ಎಂಬತ್ತೇಳು ವರ್ಷ ಹಿಡಿದೀತು. ಸಹಕಾರಿ ಸಂಘದ ಸಾಲವನ್ನೇ ಕಂತಿನಲ್ಲಿ ತೀರಿಸಿ ಗೊತ್ತಿಲ್ಲದವರು ಭೂಮಿಯ ಸಾಲ ತೀರಿಸುವ ಯೋಜನೆಯನ್ನು ಎಷ್ಟು ಧೈರ್ಯದಿಂದ ಮಂಡಿಸುತ್ತಾರೆ ನೋಡಿ.

ಇಲ್ಲಿಂದ ಉತ್ತರಕ್ಕೆ ಹೋದರೆ ಸೊಲ್ಲಾಪುರ, ಅದರಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು, ಗಣಪತಿಯನ್ನು ಕಳಿಸಿ ಬಂದು ದಣಿದು ಮಲಗಿದ್ದ ಊರುಗಳ ಮೇಲೆ 6.2ರ ಭೂಕಂಪ ಎರಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆಗ ಈ ಭಾಗದಲ್ಲಿ ಎಚ್ಚರಗೊಂಡಿದ್ದವರಿಗೆ ಈಗಲೂ ಆ ಬೆಳಗು ನೆನಪಿದೆ. ಆದರೆ ನಮ್ಮ ಆಡಳಿತಕ್ಕೆ ನೆನಪಿರಬೇಕಾದ ಸಂಗತಿಗಳು ಬೇರೆ. ಒಂದು, ಅದಕ್ಕೂ ಹಿಂದಿನ ವರ್ಷ, 1992ರಲ್ಲಿ, ಅದೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳ ಸರಣಿಯೇ ಆಗಿತ್ತು. ಇಂತಹ ಸರಣಿಗಳು ಬಹುತೇಕ ಸಲ ಏನೂ ಮಾಡದೆ ತಣ್ಣಗಾಗುತ್ತವೆ, ಅದು ನಿಜ. ಯಾವ ಸಲ ತಣ್ಣಗಾಗುವುದಿಲ್ಲ ಎಂಬುದು ಮುಂಚೆ ತಿಳಿಯುವುದಿಲ್ಲ, ಅದೂ ಅಷ್ಟೇ ನಿಜ. ಪ್ರಕಟಣೆಗೆ ಮೊದಲರ್ಧವಷ್ಟೇ ಬೇಕು. ಇನ್ನೊಂದು, ಆ ಕಾಲದ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ದೇಶದ ಅತ್ಯಂತ ಕಡಿಮೆ ಅಪಾಯದ ಜಾಗದಲ್ಲಿ. ಆತಂಕ ಪಡುವ ಅಗತ್ಯವಿಲ್ಲ ಎಂದು ಸ್ವತಃ ನಕ್ಷೆಯೇ ಬರೆದುಕೊಟ್ಟ ಊರು ಅದು. ಆಮೇಲೆ ಸರ್ಕಾರ ಮಾಡಿದ ಕೆಲಸ ನೋಡಿ: 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ನಕ್ಷೆಯಿಂದ ಅಳಿಸಿಹಾಕಲಾಯಿತು. ಇದು ವ್ಯಂಗ್ಯವಲ್ಲ, ನಿಜವಾಗಿ ಸರಿಯಾದ ಕೆಲಸ. ಆ ಪರಿಷ್ಕರಣೆಯ ಪಟ್ಟಿಯಲ್ಲಿ ಬೆಳಗಾವಿಯನ್ನೂ ಬಿಜಾಪುರವನ್ನೂ ಮೂರನೆಯ ವಲಯಕ್ಕೆ ಸೇರಿಸಿ, ಇಲ್ಲಿ ಮಧ್ಯಮ ಪ್ರಮಾಣದ ಅಪಾಯವಿದೆ ಎಂದು ಮುದ್ರಿಸಲಾಗಿದೆ. ಒಂದೇ ಸರ್ಕಾರದ ಒಂದು ಪುಸ್ತಕ ಎಚ್ಚರವಾಗಿರಿ ಎನ್ನುತ್ತದೆ, ಇನ್ನೊಂದು ಕಾಗದ ನಿಶ್ಚಿಂತರಾಗಿರಿ ಎನ್ನುತ್ತದೆ. ಎರಡನ್ನೂ ಓದಿದ ಅಧಿಕಾರಿ ಎಲ್ಲಾದರೂ ಇದ್ದರೆ ಅವರಿಗೆ ಬಡ್ತಿ ಕೊಡಬೇಕು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಗೋಡೆ. ಒಳಮುಖ, ಹೊರಮುಖ ಎಂದು ಎರಡು ಸಾಲು ಕಲ್ಲು ಕಟ್ಟಿ, ನಡುವೆ ಕಲ್ಲಿನ ಚೂರು ಮತ್ತು ಮಣ್ಣು ತುಂಬಿದ ದಪ್ಪನೆಯ ಗೋಡೆಗಳು ಅಲುಗಾಟಕ್ಕೆ ಸೀಳಿ ಎರಡು ಕಡೆಗೆ ಉರುಳಿದವು; ಅವುಗಳ ಮೇಲಿದ್ದ ಅಡಿಗಟ್ಟಲೆ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಇಳಿಯಿತು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ನಾವು ಹೊಗಳುವ ನಮ್ಮ ಹಳ್ಳಿಗಳ ಮಾಳಿಗೆ ಮನೆಗಳೂ ಇದೇ ಕುಲದವು. ಜಿಲ್ಲೆಯ ಯಾವ ಓಣಿಯಲ್ಲಿ ಅಂತಹ ಎಷ್ಟು ಮನೆಗಳಿವೆ, ಯಾವ ಶಾಲೆಯ ಗೋಡೆ ಹೊಟ್ಟೆ ಉಬ್ಬಿಕೊಂಡು ನಿಂತಿದೆ ಎಂದು ಪಟ್ಟಿ ಮಾಡುವುದು ಭೂವಿಜ್ಞಾನಿಯ ಕೆಲಸವಲ್ಲ, ಒಬ್ಬ ಗ್ರಾಮ ಲೆಕ್ಕಿಗ ಮತ್ತು ಒಬ್ಬ ಕಿರಿಯ ಎಂಜಿನಿಯರ್ ಸೈಕಲ್ಲಿನ ಮೇಲೆ ಮಾಡಿ ಮುಗಿಸಬಹುದಾದ ಕೆಲಸ. ಆದರೆ ಪಟ್ಟಿ ಮಾಡಿದರೆ ಮುಂದೆ ಅದನ್ನು ರಿಪೇರಿ ಮಾಡಬೇಕಾಗುತ್ತದೆ. ಪ್ರಕಟಣೆಗೆ ಆ ತೊಂದರೆಯಿಲ್ಲ.

ಈ ವಾದವನ್ನು ಎಲ್ಲಿಯೇ ಎತ್ತಿದರೂ ಯಾರಾದರೊಬ್ಬರು ಎದೆ ಸೆಟೆಸಿ ಗೋಳಗುಮ್ಮಟದ ಕಡೆ ಕೈ ತೋರಿಸುತ್ತಾರೆ. "1656ರಿಂದ ನಿಂತೈತ್ರಿ, ಒಂದು ಕಲ್ಲು ಜಾರಿಲ್ಲ. ನಮ್ಮನಿಗೆ ಏನಾಗ್ತೈತಿ?" ಆ ಗುಮ್ಮಟದ ಗೋಡೆ ಮೂರು ಮೀಟರ್ ದಪ್ಪ, ಅದರ ಗಾರೆ ಹದಕ್ಕೆ ಬರುವವರೆಗೆ ಕಾದವರು ಆದಿಲ್‌ಶಾಹಿ ಕಾಲದ ಕಸುಬುದಾರರು. ನಿಮ್ಮ ಮನೆಯ ಕಾಲಂ ಒಂಬತ್ತು ಇಂಚು, ಅದಕ್ಕೆ ನೀರುಣಿಸುವ ಕೆಲಸವನ್ನು ಮೂರನೆಯ ದಿನಕ್ಕೇ ನಿಲ್ಲಿಸಿದವರು ನಿಮ್ಮ ಗುತ್ತಿಗೆದಾರರು. ಪಾಲಿಕೆಯಿಂದ ಎರಡು ಅಂತಸ್ತಿಗೆ ಪರವಾನಗಿ ಪಡೆದು ನಾಲ್ಕು ಅಂತಸ್ತು ಏರಿಸಿ, ಅದರ ನೆತ್ತಿಯ ಮೇಲೆ ಐದು ಸಾವಿರ ಲೀಟರಿನ ನೀರಿನ ಟಾಕಿ ಕೂರಿಸಿ, ಕೆಳಗೆ ಅಂಗಡಿಗೆಂದು ಗೋಡೆಗಳನ್ನೆಲ್ಲ ತೆಗೆಸಿದ ಮನೆಗೂ ಗುಮ್ಮಟಕ್ಕೂ ಇರುವ ಸಾಮ್ಯವೆಂದರೆ ಎರಡೂ ಒಂದೇ ಪಿನ್‌ಕೋಡಿನ ಸುತ್ತಮುತ್ತ ಇರುವುದು. ಅಂದಹಾಗೆ ಆ ಪರವಾನಗಿಯ ಕಾಗದದಲ್ಲಿ "ಭೂಕಂಪ ನಿರೋಧಕ ವಿನ್ಯಾಸ" ಎಂದು ಸಹಿ ಹಾಕಿದ ಎಂಜಿನಿಯರನ್ನು ಆ ಮನೆಯ ಮಾಲೀಕರು ಕಂಡಿರುವುದಿಲ್ಲ, ಆ ಎಂಜಿನಿಯರು ಆ ಮನೆಯನ್ನು ಕಂಡಿರುವುದಿಲ್ಲ.

ಜಾಗೃತಿ ಕಾರ್ಯಕ್ರಮಗಳು ನಡೆಯುವುದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕರಪತ್ರ ಬಂದಿದೆ, ಅದರಲ್ಲಿ ಕಂಪನವಾದಾಗ ಗಟ್ಟಿಯಾದ ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಬೇಕೆಂಬ ಚಿತ್ರವಿದೆ. ಗಟ್ಟಿ ಕಾಂಕ್ರೀಟಿನ ಕಟ್ಟಡಕ್ಕೆ ಅದು ಒಳ್ಳೆಯ ಸಲಹೆಯೇ. ಕಂಬಳಿ, ಕೌದಿ ಹಾಸಿಕೊಂಡು ಮಲಗುವ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮೇಜನ್ನು ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಕರಪತ್ರ ಹೇಳುವುದಿಲ್ಲ. ತಾಲ್ಲೂಕಿನಲ್ಲಿ ಗಟ್ಟಿಮುಟ್ಟಾದ ಮೇಜುಗಳಿರುವುದು ಕಚೇರಿಗಳಲ್ಲಿ, ಅವುಗಳ ಕೆಳಗೆ ಬೇರೆ ವ್ಯವಹಾರ ನಡೆಯುವುದರಿಂದ ಸಾರ್ವಜನಿಕರಿಗೆ ಜಾಗ ಸಿಗುವುದು ಕಷ್ಟ.

ನಗರದ ಹೊರವಲಯದ ಹೊಸ ಬಡಾವಣೆಯೊಂದರಲ್ಲಿ ಮನೆಯೊಂದು ಏಳುತ್ತಿದೆ. ಅದರ ಗೌಂಡಿ ತನ್ನ ಕಸುಬು ಬಲ್ಲವನು. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಎಲ್ಲ ಗೋಡೆಗಳನ್ನು ಬಿಗಿದು ಹಿಡಿಯುವ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಹಾಕಿದರೆ, ನಡುಕ ಬಂದಾಗ ಗೋಡೆಗಳು ಒಂದೊಂದಾಗಿ ಬೀಳದೆ ಒಟ್ಟಾಗಿ ತಡೆಯುತ್ತವೆ ಎಂಬುದು ಅವನಿಗೆ ಗೊತ್ತು. ಆ ಮನೆಯಲ್ಲಿ ಪಟ್ಟಿ ಬಾಗಿಲ ಮೇಲಷ್ಟೇ ಇತ್ತು, ಗೋಡೆಯ ಮೂಲೆಗೆ ಬರುವ ಮೊದಲೇ ತುಂಡಾಗಿತ್ತು. ಏಕೆಂದು ಕೇಳಿದೆ.

"ನಾ ಹೇಳಿದ್ನಿರೀ, ಸುತ್ತ ಹಾಕ್ಸೋಣು, ರೊಕ್ಕ ಅಂಥಾದ್ದೇನ್ ಭಾಳ ಆಗಂಗಿಲ್ಲ ಅಂತ. ಮಾಲಕ್ರು ಬ್ಯಾಡಂದ್ರು. ಆ ರೊಕ್ಕದಾಗ ಮುಂದಿನ ಎಲಿವೇಶನ್ ಮಾಡ್ಸಾಕತ್ಯಾರ."

"ಮೊನ್ನೆ ಅಲ್ಲಾಡಿದ್ದು ಗೊತ್ತಾಗಲಿಲ್ಲವೇ ಅವರಿಗೆ?"

"ಗೊತ್ತಾತ್ರೀ. ಅವತ್ತ ಸಂಜಿಕೇ ವಾಸ್ತುದವ್ರನ್ನ ಕರ್ಕೊಂಡ ಬಂದಿದ್ರು. ಅಡಿಗಿ ಮನಿ ಬಾಗಲಾ ಕಿತ್ತು ಪೂರ್ವಕ್ಕ ಇಡ್ಸ್ಯಾರ. ಹಂಗ ಕೀಳೂ ಮುಂದ ಗ್ವಾಡಿ ಮೂಲಿ ಒಂದೀಟ ಬಾಯ್ಬಿಟ್ತು. ಪುಟ್ಟಿ ಹಚ್ಚೇವಿ, ಬಣ್ಣ ಹೊಡದ್ರ ಕಾಣಂಗಿಲ್ರೀ. ಬರೂ ಶುಕ್ರವಾರ ವಾಸ್ತು ಶಾಂತಿ ಐತಿ, ಊಟಕ್ಕ ಬರ್ರಿ. ತಹಶೀಲ್ದಾರ ಸಾಹೇಬ್ರೂ ಬರಾವ್ರದಾರ."